ಪ್ಲಾಸ್ಟಿಕ್ ನಟ್ಟು ಬೋಲ್ಟು ಸರಾಗವಾಗಿ ತಿರುಗಬೇಕಾದರೆ ಯಾವುದನ್ನು ಆರಿಸಬೇಕು?

ಪ್ಲಾಸ್ಟಿಕ್ ರಾಡ್ ತಂದು ಲೇತ್‌ನಲ್ಲಿ ಬೋಲ್ಟು ಮಾಡಿಸುತ್ತೀರಿ. ಅದಕ್ಕೊಂದು ನಟ್ಟು. ಪಿಚ್ (ಥ್ರೆಡ್ಡಿನ ಸುರುಳಿಯಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ದೂರ) ಸರಿ ಇದೆ, ವರ್ನಿಯರ್ ಹಿಡಿದು ನೋಡಿದರೆ ಅಳತೆಯೂ ಸರಿ ಇದೆ. ಆದರೂ ಎರಡು ಸುತ್ತು ಹೋಗುವಷ್ಟರಲ್ಲಿ ನಟ್ಟು ಹಿಡಿದುಕೊಳ್ಳುತ್ತದೆ. ಆಗ ಬರುವ ಮೊದಲ ಪ್ರಶ್ನೆ, ಯಾವ ಗ್ರೀಸ್ ಹಾಕೋಣ? ಎರಡನೆಯದು, ನೈಲಾನ್ ಬದಲು ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ ತಂದಿದ್ದರೆ ಸರಿಹೋಗುತ್ತಿತ್ತಾ?

ಈ ಕ್ರಮವೇ ತಲೆಕೆಳಗು ಅಂತ ನನ್ನ ಅಭಿಪ್ರಾಯ. ಮೊದಲು ಆರಿಸಬೇಕಾದದ್ದು ಸಂದು, ಅಂದರೆ ನಟ್ಟಿಗೂ ಬೋಲ್ಟಿಗೂ ನಡುವೆ ಬಿಡುವ ಜಾಗ. ಆಮೇಲೆ ಥ್ರೆಡ್ಡಿನ ಆಕಾರ. ಆಮೇಲೆ ಯಾವ ಪ್ಲಾಸ್ಟಿಕ್ ಅನ್ನುವುದು. ಗ್ರೀಸ್ ಕಟ್ಟಕಡೆಗೆ. ಸಂದು ತಪ್ಪಿದ್ದರೆ ಎಷ್ಟು ದುಬಾರಿ ರಾಡ್ ತಂದರೂ ನಟ್ಟು ಹಿಡಿಯುತ್ತದೆ. ಸಂದು ಸರಿ ಇದ್ದರೆ ಸಾದಾ ಎಚ್‌ಡಿಪಿಇ (ಗಟ್ಟಿ ಪಾಲಿಥಿನ್) ಬೋಲ್ಟು ಕೂಡ ಬೆರಳಲ್ಲಿ ತಿರುಗುತ್ತದೆ.

ಇಲ್ಲಿ ಮಾತಾಡುತ್ತಿರುವುದು ರಾಡ್‌ನಿಂದ ಕಡೆದು ಮಾಡುವ, ಕೈಯಲ್ಲೇ ಬಿಗಿದು ಬಿಚ್ಚುವ ನಟ್ಟು ಬೋಲ್ಟುಗಳ ಬಗ್ಗೆ. ಎಂ12ರಿಂದ ಎಂ30ರ ತನಕದ ಗಾತ್ರ, ಅಂದರೆ 12ರಿಂದ 30 ಮಿ.ಮೀ. ವ್ಯಾಸ ಅಂದುಕೊಳ್ಳಿ. ಲ್ಯಾಬಿನ ಸ್ಟ್ಯಾಂಡು, ಪ್ಲೇಟಿಂಗ್ ತೊಟ್ಟಿಯ ಫಿಕ್ಸ್ಚರ್, ಪ್ಯಾಕಿಂಗ್ ಯಂತ್ರದ ಅಡ್ಜಸ್ಟ್‌ಮೆಂಟ್, ಕಾಲೇಜಿನ ಮಾಡೆಲ್, ಮಕ್ಕಳ ಆಟದ ಸಾಮಾನು, ಇಂಥವಕ್ಕೆ ಬೇಕಾಗುವಂಥವು. ಉದಾಹರಣೆಗೆ ಎಲ್ಲ ಕಡೆ ಎಂ20 ತೆಗೆದುಕೊಳ್ಳುತ್ತೇನೆ. ಅದರ ಮಾಮೂಲಿ ಪಿಚ್ 2.5 ಮಿ.ಮೀ.

ಸಂದು: ಕಬ್ಬಿಣದ ಪಟ್ಟಿಯೋ, ಪ್ಲಾಸ್ಟಿಕ್ಕಿನ ಲೆಕ್ಕವೋ

ಯಾವ ವರ್ಕ್‌ಶಾಪಿಗೆ ಹೋಗಿ ಎಂ20 ಬೋಲ್ಟು ಅಂದರೂ ಅವರು ತೆಗೆಯುವುದು ಕಬ್ಬಿಣಕ್ಕಿರುವ ಪಟ್ಟಿ. ಬೋಲ್ಟಿಗೆ ಸಣ್ಣಕ್ಷರದ 6ಜಿ (6g), ನಟ್ಟಿಗೆ ದೊಡ್ಡಕ್ಷರದ 6ಎಚ್ (6H); ಎಷ್ಟು ಸಡಿಲ ಇರಬೇಕು ಅಂತ ಹೇಳುವ ಗ್ರೇಡ್‌ಗಳು ಇವು. ಈ ಜೋಡಿಯಲ್ಲಿ ಖಚಿತವಾಗಿ ಸಿಗುವ ಕನಿಷ್ಠ ಸಂದು ಎಷ್ಟು ಗೊತ್ತಾ? ಎಂ20ಕ್ಕೆ 0.042 ಮಿ.ಮೀ. ಕಬ್ಬಿಣಕ್ಕೆ ಇದು ಸಾಕು. ಕಬ್ಬಿಣ ಉಬ್ಬುವುದಿಲ್ಲ, ಟೂಲ್ ತಾಗಿದಾಗ ಹಿಂದೆ ಸರಿಯುವುದಿಲ್ಲ, ಬಿಸಿಲಿಗಿಟ್ಟರೆ ದಪ್ಪವಾಗುವುದೂ ಬಹಳ ಕಮ್ಮಿ.

ಪ್ಲಾಸ್ಟಿಕ್ ಈ ಮೂರನ್ನೂ ಮಾಡುತ್ತದೆ. ಬಿಸಿಯ ಲೆಕ್ಕ ಮೊದಲು ನೋಡೋಣ. ಡೆಲ್ರಿನ್ ಬಿಸಿಗೆ ಹಿಗ್ಗುವುದು ಕಬ್ಬಿಣಕ್ಕಿಂತ ಎಂಟೊಂಬತ್ತು ಪಟ್ಟು ಜಾಸ್ತಿ. 20 ಮಿ.ಮೀ. ದಪ್ಪದ ಡೆಲ್ರಿನ್ ಬೋಲ್ಟು 30 ಡಿಗ್ರಿ ಬಿಸಿಯಾದರೆ ಸುಮಾರು 0.065 ಮಿ.ಮೀ. ದಪ್ಪವಾಗುತ್ತದೆ. ಅದನ್ನು ಲೋಹದ ನಟ್ಟಿಗೆ ಹಾಕಿದ್ದರೆ ಪಟ್ಟಿ ಕೊಟ್ಟ 0.042 ಅಲ್ಲೇ ಖಾಲಿ. ಟೂಲ್ ತಾಗಿದಾಗ ಹಿಂದೆ ಸರಿದು ಆಮೇಲೆ ಮತ್ತೆ ಉಬ್ಬಿ ನಿಲ್ಲುವ ಗುಣ ಬೇರೆ ಇದೆ. ಮೆತ್ತಗಿನ ಪ್ಲಾಸ್ಟಿಕ್‌ನಲ್ಲಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕಡೆಯುವ ಟೂಲ್) ಹೊಡೆದು ಹೊರಗೆ ತೆಗೆದ ಮೇಲೆ ತೂತು ಕೊಂಚ ಕಿರಿದಾಗುವುದು ಇದಕ್ಕೇ.

ಹಾಗಾಗಿ ಮೂರು ದಾರಿಗಳಿವೆ.

ಒಂದು, ಪಟ್ಟಿಯೊಳಗೇ ಉಳಿದು ಸಡಿಲ ಗ್ರೇಡ್ ಕೇಳುವುದು. ಬೋಲ್ಟಿಗೆ 6ಇ ಅಂತ ಕೇಳಿದರೆ ಎಂ20ರಲ್ಲಿ 0.08 ಮಿ.ಮೀ. ಸಂದು ಸಿಗುತ್ತದೆ. ಡ್ರಾಯಿಂಗಿನಲ್ಲಿ ಬರೆಯಲು ಚೆನ್ನಾಗಿರುತ್ತದೆ. ಪೀಕ್‌ನಂಥ ಗಟ್ಟಿ ಪ್ಲಾಸ್ಟಿಕ್ಕಿಗೆ ಸಾಲುತ್ತದೆ, ನೈಲಾನಿಗೆ ಸಾಲದು.

ಎರಡು, ನಟ್ಟಿಗೆ ದೊಡ್ಡ ಟ್ಯಾಪ್. ಪ್ಲೇಟಿಂಗ್ ಆಗಬೇಕಾದ ನಟ್ಟುಗಳಿಗೆ ಬಳಸುವ, ದೊಡ್ಡಕ್ಷರದ 6ಜಿ ಟ್ಯಾಪ್ ಬರುತ್ತದೆ. ಸಾದಾ ಟ್ಯಾಪಿಗಿಂತ ಒಂದಿಷ್ಟು ಅಗಲ ಕಡೆಯುತ್ತದೆ. ತೂತು ಮತ್ತೆ ಕಿರಿದಾಗುವುದನ್ನು ಸರಿದೂಗಿಸಲು ಒಳ್ಳೆಯದೇ. ಆದರೆ ಸಣ್ಣ ಶಾಪಿನಲ್ಲಿ ಅದು ಇರುವುದು ಅಪರೂಪ.

ಮೂರು, ನಟ್ಟನ್ನು ಮಾಮೂಲಿ ಅಳತೆಗೆ ಮಾಡಿ, ಬೇಕಾದ ಸಂದನ್ನೆಲ್ಲ ಬೋಲ್ಟಿನಿಂದಲೇ ತೆಗೆಯುವುದು. ನನ್ನ ಮತ ಇದಕ್ಕೆ. ಯಾಕೆಂದರೆ ಬೋಲ್ಟಿನ ಥ್ರೆಡ್ ಲೇತ್‌ನಲ್ಲಿ ಹೊರಗೆ, ಕಣ್ಣೆದುರಿಗೆ ಇರುತ್ತದೆ. ಇನ್ನೊಂದು ಕಟ್ ಕೊಟ್ಟರೆ ಮುಗಿಯಿತು. ನಟ್ಟಿನ ಒಳಗೆ ಆ ಸೌಕರ್ಯ ಇಲ್ಲ. ಎಂ20ರಿಂದ ಎಂ30ರ ತನಕ ಬೋಲ್ಟಿನ ಪಿಚ್ ವ್ಯಾಸವನ್ನು (ಥ್ರೆಡ್ಡಿನ ತುದಿಗೂ ತಳಕ್ಕೂ ಸುಮಾರು ನಡುವೆ ಅಳೆಯುವ ವ್ಯಾಸ) 0.15ರಿಂದ 0.25 ಮಿ.ಮೀ. ಕಡಿಮೆ ಮಾಡಿದರೆ ಕೈಯಲ್ಲಿ ಹಾಯಾಗಿ ತಿರುಗುತ್ತದೆ. ಎಂ12ರ ಹತ್ತಿರ 0.1 ಸಾಕು. ಟೂಲನ್ನು ಇದರ ಅರ್ಧದಷ್ಟು ಜಾಸ್ತಿ ಒಳಗೆ ತಳ್ಳಿದರೆ ಈ ಅಳತೆ ಬರುತ್ತದೆ. ಅಂದರೆ 0.2 ಬೇಕಾದರೆ 0.1 ಮಿ.ಮೀ. ಜಾಸ್ತಿ ಆಳ.

ಬೋಲ್ಟಿನ ಹೊರ ವ್ಯಾಸವನ್ನೂ ಮರೆಯಬೇಡಿ. 20ಕ್ಕೆ ಬದಲು 19.6ಕ್ಕೆ ಟರ್ನ್ ಮಾಡಿ. ಕಬ್ಬಿಣದ ಪಟ್ಟಿಯೇ 19.623ರ ತನಕ ಇಳಿಯಲು ಬಿಡುತ್ತದೆ, ಆದ್ದರಿಂದ ಇದೇನೂ ಅತಿರೇಕವಲ್ಲ. ನಟ್ಟಿಗೆ ಟ್ಯಾಪ್ ಹೊಡೆಯುವ ಮುಂಚೆ ಕೊರೆಯುವ ತೂತು ಲೆಕ್ಕದ ಪ್ರಕಾರ 17.5. ಅದನ್ನು 17.7 ಅಥವಾ 17.8 ಮಾಡಿಕೊಳ್ಳಿ. ಥ್ರೆಡ್ಡಿನ ತುದಿ ಎದುರಿನ ತಳಕ್ಕೆ ಒರೆಸುವುದು ನಿಲ್ಲುತ್ತದೆ. ಪ್ಲಾಸ್ಟಿಕ್ ಥ್ರೆಡ್ ಹಿಡಿಯಲು ಬದಿಗಳಿಗಿಂತ ಈ ತುದಿಗಳೇ ಹೆಚ್ಚಾಗಿ ಕಾರಣ, ಯಾಕೆಂದರೆ ಬರ್, ಅಂದರೆ ಕಡೆದಾಗ ಅಂಚಿನಲ್ಲಿ ಉಳಿಯುವ ಚೂರು, ಕೂತಿರುವುದು ಅಲ್ಲೇ.

ಇಷ್ಟು ಸಡಿಲ ಬಿಟ್ಟರೆ ಬಲ ಕಮ್ಮಿಯಾಗುವುದಿಲ್ಲವಾ? ಸ್ವಲ್ಪ ಆಗುತ್ತದೆ. ಆದರೆ ಕೈಯಲ್ಲಿ ಬಿಗಿಯುವ ಬೋಲ್ಟಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸ್ಪ್ಯಾನರ್ ಹಾಕಿ ಎಳೆಯುವ ಜಾಗದಲ್ಲಿ ಪ್ಲಾಸ್ಟಿಕ್ ಬೋಲ್ಟು ಹಾಕುವುದೇ ಬೇಡ.

ಅಳೆಯುವುದು ಹೇಗೆ? ಥ್ರೆಡ್ ಗೇಜ್ ಇಲ್ಲದವರಿಗೆ ಹಾರ್ಡ್‌ವೇರ್ ಅಂಗಡಿಯ ಹೊಸ ಸ್ಟೀಲ್ ನಟ್ಟೇ ಗೇಜ್. ಪ್ಲಾಸ್ಟಿಕ್ ಬೋಲ್ಟಿಗೆ ಅದನ್ನು ಹಾಕಿ ನಿಲ್ಲಿಸಿದರೆ ತನ್ನ ಭಾರಕ್ಕೆ ತಾನೇ ಸುತ್ತುತ್ತ ಇಳಿಯಬೇಕು, ಸ್ವಲ್ಪ ಅಲ್ಲಾಡಬೇಕು. ಹಾಗಾದರೆ ಸಂದು ಸಾಕು. ನಟ್ಟನ್ನು ಹೀಗೆಯೇ ಸ್ಟೀಲ್ ಬೋಲ್ಟು ಹಾಕಿ ನೋಡಿ. ಕಡೆದ ತಕ್ಷಣ ನೋಡಬೇಡಿ, ತಣ್ಣಗಾದ ಮೇಲೆ ನೋಡಿ. ಪ್ಲಾಸ್ಟಿಕ್ ಒಳಗಿನ ಬಿಸಿ ಹೊರಬರಲು ಹೊತ್ತು ಹಿಡಿಯುತ್ತದೆ.

ಡೆಲ್ರಿನ್ನೋ ನೈಲಾನೋ

ಬೆಂಗಳೂರಿನ ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಪ್ಲಾಸ್ಟಿಕ್ ಬೋಲ್ಟು ಬೇಕು ಅಂದಾಗ ಮಾತು ಹೆಚ್ಚಾಗಿ ಈ ಎರಡರ ನಡುವೆಯೇ ನಿಲ್ಲುತ್ತದೆ. ಎರಡೂ ಡುಪಾಂಟ್ ಕಂಪನಿಯ ಪ್ರಯೋಗಾಲಯದ ಕೂಸುಗಳು. ನೈಲಾನ್ 1935ರದ್ದು. ಡೆಲ್ರಿನ್ ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಚಿಕ್ಕದು. ಡೆಲ್ರಿನ್ ಅನ್ನುವುದು ಬ್ರ್ಯಾಂಡ್ ಹೆಸರು, ವಸ್ತುವಿನ ಹೆಸರು ಅಸಿಟಾಲ್ ಅಥವಾ ಪಿಒಎಂ. ಅಂಗಡಿಯಲ್ಲಿ ಯಾವ ಕಂಪನಿಯ ಅಸಿಟಾಲ್ ಆದರೂ ಡೆಲ್ರಿನ್ ಅಂತಲೇ ಕರೆಯುತ್ತಾರೆ.

ಕಡೆಯುವ ಸುಖದಲ್ಲಿ ಡೆಲ್ರಿನ್ ಮುಂದೆ. ಸಿಪ್ಪೆ ಚೊಕ್ಕಟವಾಗಿ ಬರುತ್ತದೆ, ಥ್ರೆಡ್ಡಿನ ಅಂಚು ಹರಿತವಾಗಿ ನಿಲ್ಲುತ್ತದೆ, ಬರ್ ಕಮ್ಮಿ. ನೈಲಾನ್ ಸಿಪ್ಪೆ ದಾರದ ಹಾಗೆ ಉದ್ದುದ್ದ ಬಂದು ಚಕ್ಕಿಗೆ (ಲೇತ್‌ನಲ್ಲಿ ರಾಡನ್ನು ಹಿಡಿದು ತಿರುಗಿಸುವ ಭಾಗಕ್ಕೆ) ಸುತ್ತಿಕೊಳ್ಳುತ್ತದೆ. ಥ್ರೆಡ್ಡಿನ ತುದಿಯಲ್ಲಿ ಕೂದಲಿನಂಥ ಬರ್ ಉಳಿಯುತ್ತದೆ, ಕೈಯಲ್ಲಿ ಕಿತ್ತರೂ ಬರುವುದಿಲ್ಲ. ಏಟು ತಿನ್ನುವುದರಲ್ಲಿ ಮಾತ್ರ ನೈಲಾನ್ ಗಟ್ಟಿಗ. ಕೆಳಗೆ ಬಿದ್ದರೆ, ಬಗ್ಗಿದರೆ ಮುರಿಯದು.

ನಿಜವಾದ ವ್ಯತ್ಯಾಸ ತೇವದಲ್ಲಿದೆ. ನೀರಿನಲ್ಲೇ ಮುಳುಗಿಸಿಟ್ಟರೆ ನೈಲಾನ್ 6 ತನ್ನ ತೂಕದ ಸುಮಾರು ಶೇ 9ರಷ್ಟು ನೀರು ಹೀರುತ್ತದೆ. ಡೆಲ್ರಿನ್ ಶೇ 1ಕ್ಕಿಂತ ಕಮ್ಮಿ. ನೀರಿಗೆ ಹಾಕದೆ ಸುಮ್ನೆ ಗಾಳಿಯಲ್ಲಿ ಇಟ್ಟರೂ ನೈಲಾನ್ ಶೇ 2.5ರಿಂದ 3ರಷ್ಟು ತೇವ ಎಳೆದುಕೊಳ್ಳುತ್ತದೆ. ಆಗ ಅದರ ಅಳತೆ ಎಲ್ಲ ದಿಕ್ಕಿಗೂ ಸುಮಾರು ಶೇ 0.5ರಷ್ಟು ಹಿಗ್ಗುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಚೌಕಟ್ಟಿಗೆ ಹಿಡಿಯುವ ಹಾಗೆ. 20 ಮಿ.ಮೀ. ಬೋಲ್ಟಿಗೆ ಇದು 0.1 ಮಿ.ಮೀ. ಕಬ್ಬಿಣದ ಪಟ್ಟಿ ಕೊಟ್ಟ ಸಂದು 0.042 ಅಂತ ಆಗಲೇ ನೋಡಿದೆವಲ್ಲ. ಒಣ ರಾಡ್‌ನಿಂದ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಡೆದ ನೈಲಾನ್ ಬೋಲ್ಟನ್ನು ಲೋಹದ ನಟ್ಟಿನ ಜೊತೆ ಜುಲೈಯಲ್ಲಿ ಮಂಗಳೂರಿಗೆ ಕಳಿಸಿದರೆ ಏನಾಗಬಹುದು ಅಂತ ನೀವೇ ಊಹಿಸಿ. ದಪ್ಪ ನೈಲಾನ್ ಒಳಗಿನ ತನಕ ತೇವ ಹೀರಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಶಾಪಿನಿಂದ ಹೊರಡುವಾಗ ಎಲ್ಲ ಸರಿ ಇರುತ್ತದೆ, ತೊಂದರೆ ನಿಧಾನವಾಗಿ ಬರುತ್ತದೆ. ಗಿರಾಕಿ ಫೋನ್ ಮಾಡಿದಾಗ ಟರ್ನರ್‌ಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಹಾಗಾದರೆ ನೈಲಾನ್ ಬೇಡವಾ? ಬೇಕು, ಆದರೆ ನಟ್ಟಾಗಿ. ಪೂರ್ತಿ ತೇವ ಹೀರಿದ ನೈಲಾನ್ ನಟ್ಟಿನ ತೂತೂ ಅದರ ಜೊತೆಗೇ ಹಿಗ್ಗುತ್ತದೆ, ಕಿರಿದಾಗುವುದಿಲ್ಲ. ಹಿಗ್ಗುವ ವಸ್ತು ಹೊರಗಿದ್ದರೆ ಜೋಡಿ ಸಡಿಲವಾಗುತ್ತದೆ, ಒಳಗಿದ್ದರೆ ಬಿಗಿಯಾಗುತ್ತದೆ. ಡೆಲ್ರಿನ್ ಬೋಲ್ಟು, ನೈಲಾನ್ ನಟ್ಟು: ನನಗೆ ಅತ್ಯಂತ ಇಷ್ಟವಾದ ಜೋಡಿ ಇದು. ಇನ್ನೊಂದು ಲಾಭವೂ ಇದೆ. ಡೆಲ್ರಿನ್ ಮೇಲೆ ಡೆಲ್ರಿನ್ ಉಜ್ಜಿದರೆ ಕಿರುಗುಟ್ಟುತ್ತದೆ, ಬೇಗ ಸವೆಯುತ್ತದೆ. ಡೆಲ್ರಿನ್ ಮೇಲೆ ನೈಲಾನ್ ಜಾರುವುದು ಚೆನ್ನ. ಒಂದೇ ಜಾತಿಯ ಎರಡು ಪ್ಲಾಸ್ಟಿಕ್‌ಗಳನ್ನು ಉಜ್ಜಾಡಿಸುವ ಬದಲು ಬೇರೆ ಬೇರೆ ಜಾತಿ ಹಾಕುವುದು ಸಾಮಾನ್ಯವಾಗಿ ಲೇಸು.

ಬಿಸಿಗೂ ಇದೇ ನಿಯಮ. ಅಲ್ಯೂಮಿನಿಯಂ ಪ್ಲೇಟಿನ ಥ್ರೆಡ್ ತೂತಿಗೆ ಪ್ಲಾಸ್ಟಿಕ್ ಬೋಲ್ಟು ಹಾಕಿದರೆ ಬಿಸಿಯಾದಾಗ ಹಿಡಿಯುತ್ತದೆ. ಸ್ಟೀಲ್ ಬೋಲ್ಟಿಗೆ ಪ್ಲಾಸ್ಟಿಕ್ ನಟ್ಟು ಹಾಕಿದರೆ ಬಿಸಿಯಲ್ಲಿ ಸಡಿಲವಾಗುತ್ತದೆ.

ಆದರೆ ಹಿಗ್ಗುವುದು ಅಡ್ಡಕ್ಕೆ ಮಾತ್ರವಲ್ಲ, ಉದ್ದಕ್ಕೂ ಹಿಗ್ಗುತ್ತದೆ. ಅಂದರೆ ಪಿಚ್ ಬದಲಾಗುತ್ತದೆ. 20 ಮಿ.ಮೀ. ಎತ್ತರದ ನೈಲಾನ್ ನಟ್ಟು ಶೇ 0.5 ಹಿಗ್ಗಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 0.1 ಮಿ.ಮೀ. ವ್ಯತ್ಯಾಸ. 60 ಡಿಗ್ರಿಯ ವಿ ಥ್ರೆಡ್ಡಿನಲ್ಲಿ ಪಿಚ್ ವ್ಯಾಸಕ್ಕೆ 0.2 ಸಂದು ಕೊಟ್ಟರೆ ಉದ್ದಕ್ಕೆ ಸಿಗುವುದು ಬರೀ 0.115. ಹೆಚ್ಚುಕಮ್ಮಿ ಎಲ್ಲವೂ ಅಲ್ಲೇ ಹೋಯಿತು. ಇದಕ್ಕೆ ಪರಿಹಾರ ಸುಲಭ: ನಟ್ಟನ್ನು ಗಿಡ್ಡ ಮಾಡಿ. ಸ್ಟೀಲಿನ ಎಂ20 ನಟ್ಟು 16ರಿಂದ 18 ಮಿ.ಮೀ. ಎತ್ತರ ಇರುತ್ತದೆ. ಪ್ಲಾಸ್ಟಿಕ್‌ನಲ್ಲಿ ಕೈ ಬಿಗಿತಕ್ಕೆ ನಾಲ್ಕೈದು ಸುತ್ತಿನ ಥ್ರೆಡ್ ಸಾಕು, ಅಂದರೆ 10ರಿಂದ 12 ಮಿ.ಮೀ. ಹಿಡಿಯಲು ಎತ್ತರದ ನಟ್ಟೇ ಬೇಕಾದರೆ ಎತ್ತರ ಇಟ್ಟುಕೊಂಡು ಒಳಗೆ ಅರ್ಧ ಉದ್ದ ಥ್ರೆಡ್ ಇಲ್ಲದ ಹಾಗೆ ಅಗಲವಾಗಿ ಕೊರೆಸಿ. ನಟ್ಟು ಹಿಡಿಯುತ್ತಿದೆ ಅಂತ ಬಂದವರಿಗೆ ಸಂದಿನ ನಂತರ ನಾನು ಹೇಳುವ ಎರಡನೇ ಮಾತು ಇದೇ. ಇದನ್ನು ಯಾರೂ ಯೋಚಿಸಿಯೇ ಇರುವುದಿಲ್ಲ.

ಉಳಿದ ಪ್ಲಾಸ್ಟಿಕ್‌ಗಳು

ಎಚ್‌ಡಿಪಿಇ ಅಗ್ಗ, ಜಾರುತ್ತದೆ, ನೀರು ಹೀರುವುದೇ ಇಲ್ಲ ಅನ್ನಬಹುದು. ಆದರೆ ಮೆತ್ತಗೆ, ಬಿಸಿಗೆ ಡೆಲ್ರಿನ್‌ಗಿಂತಲೂ ಜಾಸ್ತಿ ಹಿಗ್ಗುತ್ತದೆ, ಬರ್ ವಿಪರೀತ. ದೊಡ್ಡ ಪಿಚ್ ಹಾಕಿ, ಧಾರಾಳ ಸಂದು ಬಿಟ್ಟರೆ ಮಕ್ಕಳ ಆಟಿಕೆಗೆ ಬಹಳ ಚೆನ್ನ. ಸಣ್ಣ ಥ್ರೆಡ್ಡಿಗೆ ಬೇಡ. ಪಾಲಿಪ್ರೊಪಿಲೀನ್ ಇದೇ ಸ್ವಭಾವದ್ದು, ಆಸಿಡ್ ತೊಟ್ಟಿಯ ಹತ್ತಿರ ಕೆಲಸ ಇದ್ದರೆ ಇದನ್ನೇ ಆರಿಸಿ. ಡೆಲ್ರಿನ್ನಿಗೂ ನೈಲಾನಿಗೂ ಪ್ರಬಲ ಆಸಿಡ್ ಆಗಿಬರುವುದಿಲ್ಲ.

ಟೆಫ್ಲಾನ್ ಜಾರುವುದರಲ್ಲಿ ಎಲ್ಲರಿಗಿಂತ ಮೇಲು ಅಂತ ಅದನ್ನೇ ಕೇಳುವವರಿದ್ದಾರೆ. ಬೋಲ್ಟಿಗೆ ಅದು ಒಳ್ಳೆಯ ಆಯ್ಕೆ ಅಲ್ಲ. ಒತ್ತಡ ಬಿದ್ದರೆ ತಣ್ಣಗಿರುವಾಗಲೇ ನಿಧಾನಕ್ಕೆ ಹರಿದು ಆಕಾರ ಬಿಡುತ್ತದೆ, ಬಿಗಿದದ್ದು ಮರುದಿನ ಸಡಿಲ. ಇನ್ನೊಂದು ವಿಚಿತ್ರ ಗುಣವಿದೆ. 19 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದರ ಒಳರಚನೆ ಬದಲಾಗಿ, ಆ ಒಂದು ಗೆರೆ ದಾಟುವಾಗ ಅದರ ಘನಗಾತ್ರ ಶೇ 1ಕ್ಕೂ ಸ್ವಲ್ಪ ಹೆಚ್ಚು ಏರುಪೇರಾಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಅದಕ್ಕಿಂತ ಕೆಳಗೆ, ಮಧ್ಯಾಹ್ನ ಅದಕ್ಕಿಂತ ಮೇಲೆ. ಬೆಳಿಗ್ಗೆ ಅಳೆದ ಟೆಫ್ಲಾನ್ ಬೋಲ್ಟು ಮಧ್ಯಾಹ್ನ ಬೇರೆ ಅಳತೆ ತೋರಿಸಿದರೆ ಮೈಕ್ರೋಮೀಟರ್ ಮೇಲೆ ಅನುಮಾನ ಪಡಬೇಡಿ.

ಪಿವಿಸಿ ಚೆನ್ನಾಗಿ ಕಡೆಯಲು ಬರುತ್ತದೆ, ಗಟ್ಟಿಯೂ ಹೌದು. ಆದರೆ ಟೂಲ್ ಮೊಂಡಾಗಿ ಬಿಸಿಯಾಗಿ ಸುಟ್ಟರೆ ಹೊರಬರುವ ಹೊಗೆ ಮೂಗಿಗೂ ಕೆಟ್ಟದ್ದು, ಲೇತ್ ಬೆಡ್ಡಿಗೂ ತುಕ್ಕು. ಅಕ್ರಿಲಿಕ್ ನೋಡಲು ಚಂದ, ಥ್ರೆಡ್ಡಿನ ಮೂಲೆಯಿಂದಲೇ ಬಿರುಕು ಬಿಡುತ್ತದೆ. ಪೀಕ್ ಲೋಹದ ಹಾಗೆ ಕಡೆಯಬಹುದು, ಹಿಗ್ಗುವುದೂ ಡೆಲ್ರಿನ್‌ನ ಅರ್ಧದಷ್ಟೇ. ಅದರ ಬೆಲೆ ಕೇಳಿದ ಮೇಲೆ ಹೆಚ್ಚಿನವರು ಡೆಲ್ರಿನ್ನಿಗೇ ವಾಪಸ್ ಬರುತ್ತಾರೆ.

ಒಂದು ಉಪಯೋಗದ ಮಾತು. ಬಿಳಿ ರಾಡ್ ಅಂತ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ್ದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ. ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ತೇಲಿದರೆ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್. ಮುಳುಗಿದರೆ ಆ ನೀರಿಗೆ ಕರಗುವಷ್ಟು ಉಪ್ಪು ಹಾಕಿ ಕಲಸಿ. ಈಗ ಮೇಲೆ ಬಂದರೆ ನೈಲಾನ್. ಆಗಲೂ ತಳದಲ್ಲೇ ಕೂತರೆ ಡೆಲ್ರಿನ್ ಇರಬೇಕು, ಕೈಗೆ ತೀರ ಭಾರ ಅನಿಸಿದರೆ ಟೆಫ್ಲಾನ್. ಸಾಂದ್ರತೆಯ ಲೆಕ್ಕ ಅಷ್ಟೇ: ನೈಲಾನ್ 1.14, ಉಪ್ಪು ತುಂಬಿದ ನೀರು ಸುಮಾರು 1.2, ಡೆಲ್ರಿನ್ 1.41, ಟೆಫ್ಲಾನ್ 2.15ರ ಆಸುಪಾಸು. ಗಾಜಿನ ನಾರು ಬೆರೆಸಿದ ರಾಡ್ ಆದರೆ ಈ ಪರೀಕ್ಷೆ ಕೈಕೊಡುತ್ತದೆ.

ಥ್ರೆಡ್ಡಿನ ಆಕಾರ

ಮಾಮೂಲಿ ವಿ ಥ್ರೆಡ್, ಟ್ರೆಪಿಜಾಯ್ಡಲ್, ದುಂಡು ಥ್ರೆಡ್. ಇವು ಮೂರೇ ನಿಜವಾದ ಆಯ್ಕೆಗಳು.

ವಿ ಥ್ರೆಡ್ ಆರಿಸುವುದಾದರೆ ದಪ್ಪ ಪಿಚ್ಚನ್ನೇ ಆರಿಸಿ. ಎಂ20ಕ್ಕೆ 1.5 ಪಿಚ್ಚಿನ ಫೈನ್ ಥ್ರೆಡ್ಡೂ ಇದೆ. ಪ್ಲಾಸ್ಟಿಕ್‌ನಲ್ಲಿ ಅದು ತೊಂದರೆ ಕೊಂಡು ತಂದ ಹಾಗೆ. ಥ್ರೆಡ್ ಆಳವೇ ಕಮ್ಮಿ, ಅದರಲ್ಲಿ 0.2 ಸಂದು ಬಿಟ್ಟರೆ ಹಿಡಿತಕ್ಕೆ ಏನು ಉಳಿಯುತ್ತದೆ? ನಟ್ಟು ಅಡ್ಡ ಕೂತು ಥ್ರೆಡ್ ಕೆಡುವುದೂ ಫೈನ್‌ನಲ್ಲೇ ಜಾಸ್ತಿ. ವಿ ಥ್ರೆಡ್ಡಿನ ದೊಡ್ಡ ಅನುಕೂಲ ಅಂದರೆ ಟ್ಯಾಪು, ಡೈ (ಬೋಲ್ಟಿನ ಹೊರಗೆ ಥ್ರೆಡ್ ಕಡೆಯುವ ಬಿಲ್ಲೆ), ಸ್ಟೀಲ್ ನಟ್ಟು ಎಲ್ಲ ಎಲ್ಲೆಂದರಲ್ಲಿ ಸಿಗುತ್ತವೆ.

ದಿನಕ್ಕೆ ಹತ್ತು ಸಲ ಬಿಗಿದು ಬಿಚ್ಚುವ, ಅಥವಾ ತಿರುಗಿಸಿ ಏನನ್ನಾದರೂ ಮುಂದೆ ಹಿಂದೆ ಸರಿಸುವ ಕೆಲಸ ಇದ್ದರೆ ಟ್ರೆಪಿಜಾಯ್ಡಲ್ ಮೇಲು. 20 ಮಿ.ಮೀ.ಗೆ ಅದರ ಮಾಮೂಲಿ ಪಿಚ್ 4. ಬದಿಗಳ ಕೋನ 60ರ ಬದಲು 30 ಡಿಗ್ರಿ, ಹಾಗಾಗಿ ನಟ್ಟನ್ನು ಹೊರಕ್ಕೆ ತಳ್ಳುವ ಬಲ ಕಮ್ಮಿ. ತುದಿ ಚಪ್ಪಟೆ, ಹರಿತ ಅಂಚು ಇಲ್ಲ. ಪಿಚ್ ದೊಡ್ಡದಾದ್ದರಿಂದ ಬೇಗ ತಿರುಗಿ ಮುಗಿಯುತ್ತದೆ. ಬೆಲೆ ತೆರಬೇಕಾದದ್ದು ಎರಡು ಕಡೆ. ಆಳವಾಗಿ ಕಡೆಯುವುದರಿಂದ ಬೋಲ್ಟಿನ ತಿರುಳು ಎಂ20ರಲ್ಲಿ ಸುಮಾರು 16.9 ಇರುವುದು ಇಲ್ಲಿ 15.5ಕ್ಕೆ ಇಳಿಯುತ್ತದೆ. ನಟ್ಟಿಗೆ ಟ್ಯಾಪ್ ದುಬಾರಿ, ಇಲ್ಲದಿದ್ದರೆ ಲೇತ್‌ನಲ್ಲೇ ಒಳಗೆ ಥ್ರೆಡ್ ಕಡೆಯಬೇಕು, ಅದಕ್ಕೆ ಕೈ ಪಳಗಿದ ಟರ್ನರ್ ಬೇಕು.

ದುಂಡು ಥ್ರೆಡ್ ಗೊತ್ತಿಲ್ಲ ಅನ್ನುವವರು ಸ್ಕ್ರೂ ಬಲ್ಬಿನ ತಳ ನೋಡಿ. 27 ಮಿ.ಮೀ. ವ್ಯಾಸ, ಇಂಚಿಗೆ 7 ಸುತ್ತು, ಎಲ್ಲೂ ಮೂಲೆ ಇಲ್ಲ. ಕೊಳೆ ಬಿದ್ದರೂ ತಿರುಗುತ್ತದೆ, ಪುಟ್ಟ ಮಗುವೂ ಕೂರಿಸಬಹುದು. ಆಟಿಕೆಗೆ, ಡಬ್ಬಿಯ ಮುಚ್ಚಳಕ್ಕೆ ಇದಕ್ಕಿಂತ ಸರಾಗ ಬೇರೆ ಇಲ್ಲ. ಟೂಲನ್ನು ಗ್ರೈಂಡ್ ಮಾಡಿಯೇ ಆಕಾರಕ್ಕೆ ತರಬೇಕು, ಅಷ್ಟೇ ಕಷ್ಟ. ಒಂದೆರಡು ಪೀಸಿಗೆ ಯಾರೂ ಒಪ್ಪುವುದಿಲ್ಲ, ನೂರು ಪೀಸು ಅಂದರೆ ಒಪ್ಪುತ್ತಾರೆ.

ನೀರಿನ ಟ್ಯಾಂಕಿನ ನಿಪ್ಪಲ್‌ನಲ್ಲಿರುವ ಪೈಪ್ ಥ್ರೆಡ್ ಬೇರೆ ಜಾತಿ. ಅರ್ಧ ಇಂಚಿನದಕ್ಕೆ ಇಂಚಿಗೆ 14 ಸುತ್ತು, ಕೋನ 55 ಡಿಗ್ರಿ. ಅದರಲ್ಲಿ ಟೇಪರ್ ಇರುವುದು ಬಿಗಿಯಾಗಲೆಂದೇ ಮಾಡಿದ್ದು. ಅದನ್ನು ನೋಡಿ ನಟ್ಟು ಬೋಲ್ಟಿಗೆ ನಕಲು ಮಾಡಬೇಡಿ.

ಟ್ಯಾಪ್ ಡೈಯೋ, ಲೇತ್‌ನಲ್ಲೇ ಕಡೆಯುವುದೋ

ಎಂ12ರ ತನಕ ಟ್ಯಾಪು ಡೈ ಸಾಕು. ಡೈ ಬಳಸುವುದಾದರೆ ಸೀಳು ಇರುವ ಡೈ ತನ್ನಿ. ಅದರ ಸ್ಕ್ರೂಗಳಿಂದ ಡೈಯನ್ನು ಸ್ವಲ್ಪ ಮುಚ್ಚಿದರೆ ಬೋಲ್ಟು ಸಣ್ಣದಾಗುತ್ತದೆ, ಬೇಕಾದ ಸಂದು ಅಲ್ಲೇ ಸಿಗುತ್ತದೆ. ಪ್ಲಾಸ್ಟಿಕ್ಕಿನ ಟ್ಯಾಪು ಡೈಗಳನ್ನು ಬೇರೆಯೇ ಇಟ್ಟುಕೊಳ್ಳಿ. ಒಮ್ಮೆ ಸ್ಟೀಲ್ ಕಂಡ ಟ್ಯಾಪ್ ಪ್ಲಾಸ್ಟಿಕ್ಕನ್ನು ಕಡೆಯುವುದಿಲ್ಲ, ಉಜ್ಜುತ್ತದೆ.

ಎಂ16ರ ಮೇಲೆ ಬೋಲ್ಟಿಗಂತೂ ಲೇತ್‌ನಲ್ಲಿ ಸಿಂಗಲ್ ಪಾಯಿಂಟ್ ಟೂಲ್‌ನಿಂದ ಕಡೆಯುವುದೇ ಸರಿ. ಟೂಲ್ ಬಲು ಹರಿತ ಇರಬೇಕು. ಅಲ್ಯೂಮಿನಿಯಂಗೆ ಬರುವ, ಕೋಟಿಂಗ್ ಇಲ್ಲದ ಹೊಳಪಿನ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ ಕಡೆಯುವ ಚೂರು) ಒಳ್ಳೆಯದು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲನ್ನು ಎಣ್ಣೆಗಲ್ಲಿಗೆ ಉಜ್ಜಿದ್ದಾದರೆ ಇನ್ನೂ ಒಳ್ಳೆಯದು. ಕೊನೆಯ ಆಳ ತಲುಪಿದ ಮೇಲೆ ಟೂಲನ್ನು ಒಳಗೆ ತಳ್ಳದೆ ಅದೇ ಆಳದಲ್ಲಿ ಎರಡು ಮೂರು ಸಲ ಸುಮ್ನೆ ಓಡಿಸಿ. ಮೊದಲ ಸಲ ಹಿಂದೆ ಸರಿದಿದ್ದ ಪ್ಲಾಸ್ಟಿಕ್ ಆಗ ಕಡೆಯುತ್ತದೆ. ಖಾಲಿ ಓಡುತ್ತಿದೆ ಅಂದುಕೊಂಡರೂ ಸಿಪ್ಪೆ ಬರುವುದು ಕಾಣುತ್ತದೆ. ತಂಪಿಗೆ ಗಾಳಿ ಸಾಕು.

ನಟ್ಟು ಮಾಡುವಾಗ ಮೂರು ಜಾ ಚಕ್ಕಿನ ಮೇಲೆ ಗಮನ ಇರಲಿ. ಮೆತ್ತಗಿನ ನಟ್ಟನ್ನು ಚಕ್ಕಿಗೆ ಕಟ್ಟಿ ಬಿಗಿದಾಗ ಅದು ಮೂರು ಕಡೆ ಒಳಗೆ ಒತ್ತಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ತೂತು ಕೊರೆದು ಥ್ರೆಡ್ ಕಡೆದರೆ ತೂತು ಗುಂಡಗೆ ಬರುತ್ತದೆ. ಚಕ್ಕು ಸಡಿಲಿಸಿದ ತಕ್ಷಣ ನಟ್ಟು ತನ್ನ ಆಕಾರಕ್ಕೆ ಮರಳುತ್ತದೆ, ತೂತು ಗುಂಡಗಿರುವುದಿಲ್ಲ. ಚಕ್ಕಿನಲ್ಲಿದ್ದಾಗ ಹೋಗುತ್ತಿದ್ದ ಬೋಲ್ಟು ಹೊರಗೆ ತೆಗೆದ ಮೇಲೆ ಹಿಡಿದರೆ ಹೆಚ್ಚಾಗಿ ಕಾರಣ ಇದು. ಕಾಲೆಟ್ (ಸುತ್ತಲೂ ಸಮನಾಗಿ ಹಿಡಿಯುವ ಸೀಳು ಕೊಳವೆ) ಇದ್ದರೆ ಅದರಲ್ಲಿ ಹಿಡಿಯಿರಿ. ಇಲ್ಲದಿದ್ದರೆ ಒಂದು ಸೀಳಿದ ಬಳೆಯನ್ನು ರಾಡ್ ಸುತ್ತ ಹಾಕಿ ಚಕ್ಕಿಗೆ ಕೊಡಿ, ಒತ್ತಡ ಸುತ್ತಲೂ ಹಂಚಿಹೋಗುತ್ತದೆ. ಸಾಧ್ಯವಿದ್ದರೆ ಉದ್ದ ರಾಡ್‌ನಲ್ಲೇ ಥ್ರೆಡ್ ಕಡೆದು ಆಮೇಲೆ ನಟ್ಟನ್ನು ಕತ್ತರಿಸಿ ಬೇರೆ ಮಾಡಿ.

ಉದ್ದ ಬೋಲ್ಟಿಗೆ ಹಿಂದಿನಿಂದ ಸೆಂಟರ್ (ಚೂಪು ತುದಿಯ ಆಸರೆ) ಕೊಡಬೇಕು, ಆದರೆ ಮೆಲ್ಲಗೆ. ಜೋರಾಗಿ ತಳ್ಳಿದರೆ ಬೋಲ್ಟು ಬಿಲ್ಲಿನಂತೆ ಬಾಗಿ ನಡುವೆ ಅಳತೆ ತಪ್ಪುತ್ತದೆ. ರಾಡ್‌ನ ಒಳಗೂ ಒತ್ತಡ ಕೂತಿರುತ್ತದೆ. ಮೊದಲು ಒರಟಾಗಿ ಕಡೆದು, ಒಂದು ರಾತ್ರಿ ಬಿಟ್ಟು, ಮರುದಿನ ಕೊನೆ ಅಳತೆಗೆ ತರುವ ಶಾಪು ಸಿಕ್ಕರೆ ಬಿಡಬೇಡಿ.

ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ) ಥ್ರೆಡ್ ಮಿಲ್ಲಿಂಗ್ ಮಾಡುವವರಿಗೆ ಸಂದು ಅನ್ನುವುದು ಆಫ್‌ಸೆಟ್‌ನಲ್ಲಿ ಒಂದು ಅಂಕಿ ಬದಲಿಸುವ ಕೆಲಸ. ದೊಡ್ಡ ನಟ್ಟುಗಳಿಗೆ, ಹೆಚ್ಚು ಪೀಸುಗಳಿಗೆ ಅದು ಅತ್ಯುತ್ತಮ.

ಅಂಚು, ಬರ್, ಆಮೇಲೆ ಗ್ರೀಸ್

ಬೋಲ್ಟಿನ ತುದಿಗೂ ನಟ್ಟಿನ ಎರಡೂ ಬಾಯಿಗೂ ಥ್ರೆಡ್ ಆಳ ದಾಟುವಷ್ಟು ಚೇಂಫರ್ (ಅಂಚು ಓರೆಯಾಗಿ ಕಡೆಯುವುದು) ಬೇಕು. ಥ್ರೆಡ್ ಶುರುವಾಗುವ ಜಾಗದಲ್ಲಿ ಮೊದಲ ಅರ್ಧ ಸುತ್ತು ಕಾಗದದಷ್ಟು ತೆಳ್ಳಗಿರುತ್ತದೆ. ಅದು ಮಡಚಿಕೊಂಡು ನಟ್ಟಿನೊಳಗೆ ಸಿಕ್ಕಿದರೆ ಮುಗಿಯಿತು. ಆ ತೆಳು ಭಾಗವನ್ನು ಚಾಕುವಿನಿಂದ ಪೂರ್ತಿ ಕತ್ತರಿಸಿ, ಥ್ರೆಡ್ ಒಮ್ಮೆಲೇ ಪೂರ್ಣ ದಪ್ಪದಲ್ಲಿ ಶುರುವಾಗುವಂತೆ ಮಾಡಿ. ಅಗ್ನಿಶಾಮಕದವರ ಹೋಸ್‌ ಕಪ್ಲಿಂಗ್‌ಗಳ ಥ್ರೆಡ್ ಹೀಗೇ ಶುರುವಾಗುತ್ತದೆ, ಗಡಿಬಿಡಿಯಲ್ಲೂ ಅಡ್ಡ ಕೂರಬಾರದು ಅಂತ.

ಬರ್ ತೆಗೆಯಲು ಲೇತ್ ನಿಧಾನಕ್ಕೆ ತಿರುಗುವಾಗ ಥ್ರೆಡ್ ಮೇಲೆ ಸ್ಕ್ರಬ್ ಪ್ಯಾಡ್ ಹಿಡಿದರೆ ಡೆಲ್ರಿನ್ನಿಗೆ ಸಾಕು. ನೈಲಾನಿಗೆ ಚಾಕು ಬೇಕು. ಕೆಲವರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ನಟ್ಟು ಬೋಲ್ಟನ್ನು ಒಂದಕ್ಕೊಂದು ತಿರುಗಿಸಿ ಸವೆಸುತ್ತಾರೆ. ಪ್ಲಾಸ್ಟಿಕ್‌ನಲ್ಲಿ ಅದು ಬೇಡವೇ ಬೇಡ. ಪೇಸ್ಟಿನ ಹರಳು ಮೆತ್ತಗಿನ ಮೈಯೊಳಗೆ ಹೂತುಕೊಂಡು ಅಲ್ಲೇ ಉಳಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ಕೆರೆಯುತ್ತಲೇ ಇರುತ್ತದೆ.

ಇಷ್ಟೆಲ್ಲ ಆದ ಮೇಲೂ ಜಾರಿಕೆ ಬೇಕಾದರೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಧೂಳಿನ ಜಾಗವಾದರೆ ಗ್ರೀಸ್ ಬೇಡ, ಒಣಗುವ ಟೆಫ್ಲಾನ್ ಸ್ಪ್ರೇ ಮೇಲು. ಪಾಲಿಕಾರ್ಬೊನೇಟ್, ಅಕ್ರಿಲಿಕ್, ಎಬಿಎಸ್ ಬೋಲ್ಟುಗಳಿಗೆ ಸಿಕ್ಕಿದ ಎಣ್ಣೆ ಸುರಿಯಬೇಡಿ, ಬಿಗಿದ ಜಾಗದಲ್ಲೇ ಬಿರುಕು ಬರಬಹುದು. ನಟ್ಟು ಬಿಚ್ಚಿಕೊಳ್ಳದಂತೆ ಹಾಕುವ ಥ್ರೆಡ್ ಲಾಕರ್ ದ್ರವವೂ ಹಾಗೇ.

ಶಾಪಿಗೆ ಹೇಳುವಾಗ

ಸುಮ್ನೆ ಎಂ20 ಪ್ಲಾಸ್ಟಿಕ್ ಬೋಲ್ಟು ಅಂದರೆ ಕಬ್ಬಿಣದ ಅಳತೆಗೇ ಮಾಡಿ ಕೊಡುತ್ತಾರೆ, ತಪ್ಪು ಅವರದ್ದಲ್ಲ. ಡ್ರಾಯಿಂಗಿನಲ್ಲಿ ಹೀಗೆ ಬರೆಯಿರಿ: ಬೋಲ್ಟು ಡೆಲ್ರಿನ್, ಹೊರ ವ್ಯಾಸ 19.6, ಪಿಚ್ 2.5, ಪಿಚ್ ವ್ಯಾಸ ಮಾಮೂಲಿಗಿಂತ 0.2 ಕಮ್ಮಿ. ನಟ್ಟು ನೈಲಾನ್, ತೂತು 17.8, ಎತ್ತರ 12, ಎರಡೂ ಕಡೆ ಚೇಂಫರ್. ಪಿಚ್ ವ್ಯಾಸ ಅಂದರೆ ಮುಖ ಕಿವುಚುವ ಟರ್ನರ್ ಸಿಕ್ಕರೆ ಜೇಬಿನಿಂದ ಒಂದು ಸ್ಟೀಲ್ ನಟ್ಟು ತೆಗೆದು ಕೊಡಿ, "ಅಣ್ಣಾ, ಇದು ಬೋಲ್ಟಿನ ಮೇಲೆ ತಾನಾಗೇ ಸುತ್ತಿ ಇಳೀಬೇಕು" ಅನ್ನಿ. ಹಾಸ್ಯ ಮಾಡುತ್ತಿದ್ದೀರಿ ಅಂದುಕೊಂಡಾರು, ಇನ್ನೊಮ್ಮೆ ಹೇಳಿ. ಮೊದಲು ಒಂದೇ ಜೋಡಿ ಮಾಡಿಸಿ ಮನೆಗೆ ತನ್ನಿ. ಬೋಲ್ಟಿನ ಪೂರ್ತಿ ಉದ್ದಕ್ಕೆ ನಟ್ಟನ್ನು ಓಡಿಸಿ ನೋಡಿ. ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ನೋಡಿ (ನೈಲಾನ್ ಒಳಗಿನ ತನಕ ತೇವ ಹೀರಲು ಇಷ್ಟು ಸಾಲದು, ಮೇಲ್ಮೈ ಮಟ್ಟಿಗೆ ತಿಳಿಯುತ್ತದೆ), ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಇಟ್ಟು ಇನ್ನೊಮ್ಮೆ ನೋಡಿ. ಉಳಿದ ಪೀಸುಗಳ ಆರ್ಡರ್ ಅದಾದ ಮೇಲೆ ಕೊಡಿ.